ಸಂಧಿವಾತಕ್ಕೆ ಚಿಕಿತ್ಸೆ: ನೋವಿನ ಮಾತ್ರೆ ಯಾವುದು, ರೋಗದ ಮಾತ್ರೆ ಯಾವುದು

ಅಮ್ಮನಿಗೆ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿಲ್ಲ ಅಂದಾಗ ನಾವು ಮಾಡಿದ ಮೊದಲ ಕೆಲಸ, ಒಂದು ನೋವಿನ ಮಾತ್ರೆ ತಂದುಕೊಟ್ಟಿದ್ದು. ಎರಡನೇ ಕೆಲಸವೂ ಅದೇ. ವಯಸ್ಸಾಯ್ತಲ್ಲ, ಮೂಳೆ ಸವೆದಿರುತ್ತೆ ಅಂತ ನಾವೇ ತೀರ್ಮಾನ ಮಾಡಿಕೊಂಡು ಎಂಟು ತಿಂಗಳು ತಳ್ಳಿದೆವು. ಆಮೇಲೆ ಗೊತ್ತಾಯಿತು, ಅದು ಸವೆತವೇ ಅಲ್ಲ, ರುಮಟಾಯ್ಡ್ ಸಂಧಿವಾತ. ಮಾತ್ರೆ ನುಂಗಿದಾಗಲೆಲ್ಲ ನೋವು ಅಡಗುತ್ತಿತ್ತು, ಒಳಗೆ ಕೀಲು ಹಾಳಾಗುತ್ತಲೇ ಇತ್ತು.

ನಾನು ಡಾಕ್ಟರ್ ಅಲ್ಲ. ಅಮ್ಮನ ಜೊತೆ ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಡಿ, ಚೀಟಿಯಲ್ಲಿದ್ದ ಒಂದೊಂದು ಮಾತ್ರೆಯೂ ಯಾಕೆ ಅಂತ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಧಿವಾತದ ಔಷಧಿಗಳಲ್ಲಿ ಎರಡು ಜಾತಿ. ಕೆಲವು ನೋವನ್ನು ಮಾತ್ರ ಕಡಿಮೆ ಮಾಡುತ್ತವೆ. ಕೆಲವು ನೋವಿನ ಮೂಲಕ್ಕೇ ಕೈ ಹಾಕುತ್ತವೆ, ಆದರೆ ನಿಧಾನ. ನಿಮ್ಮ ಕೈಯಲ್ಲಿರುವ ಚೀಟಿ ತೆಗೆದು ಯಾವುದು ಯಾವ ಜಾತಿ ಅಂತ ಗುರುತು ಹಾಕಿಕೊಂಡರೆ ಮುಂದಿನದೆಲ್ಲ ಸುಲಭ.

ಮೊದಲು ಯಾವ ಸಂಧಿವಾತ ಅಂತ ತಿಳಿಯಿರಿ

ಸಂಧಿವಾತ ಅನ್ನುವುದು ಒಂದೇ ಕಾಯಿಲೆ ಅಲ್ಲ, ಅದರಲ್ಲಿ ನೂರಕ್ಕೂ ಹೆಚ್ಚು ಬಗೆ ಇದೆ. ಹೆದರಬೇಡಿ, ಹೆಚ್ಚಿನವರಿಗೆ ಇರುವುದು ಮೂರರಲ್ಲಿ ಒಂದು. ಕೀಲಿನ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಗೆ ಇರುವ ನುಣುಪಾದ ಹೊದಿಕೆ, ಸವೆದು ಬರುವ ಆಸ್ಟಿಯೋ ಆರ್ಥ್ರೈಟಿಸ್. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬೀಳುವ ರುಮಟಾಯ್ಡ್. ಯೂರಿಕ್ ಆಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂರುವ ಗೌಟ್. ಮೂರಕ್ಕೂ ಚಿಕಿತ್ಸೆ ಪೂರ್ತಿ ಬೇರೆ. ಪಕ್ಕದ ಮನೆಯವರಿಗೆ ಕೆಲಸ ಮಾಡಿದ ಮಾತ್ರೆ ನಿಮಗೆ ಮಾಡದೇ ಇರುವುದು ಇದಕ್ಕೇ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಒಂದು ವಾರ ಗಡಿಯಾರ ನೋಡಿ. ಬೆಳಗ್ಗೆ ಎದ್ದಾಗ ಕೈಕಾಲು ಹಿಡಿದುಕೊಂಡ ಹಾಗಿರುತ್ತಲ್ಲ, ಅದು ಸಡಿಲ ಆಗಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಡಿ. ಸವೆತದ ನೋವಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಓಡಾಡಿದಷ್ಟೂ ನೋವು ಜಾಸ್ತಿ ಆಗುತ್ತದೆ. ರುಮಟಾಯ್ಡ್ ಆದರೆ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮತ್ತು ಓಡಾಡಿದರೆ ಕಡಿಮೆ ಆಗುತ್ತದೆ. ಅಮ್ಮ ಬೆಳಗ್ಗೆ ಆರಕ್ಕೆ ಎದ್ದರೆ ರವಿಕೆಯ ಹುಕ್ ಹಾಕಿಕೊಳ್ಳಲು ಎಂಟಾಗುತ್ತಿತ್ತು. ಈ ಒಂದು ವಿಷಯವನ್ನು ನಾವು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ಯಾವ ಕೀಲು, ಒಂದು ಕಡೆಯೋ ಎರಡೂ ಕಡೆಯೋ, ಊತ ಇದೆಯೋ ಬರೀ ನೋವೋ ಅಂತಲೂ ಬರೆಯಿರಿ. ಊದಿಕೊಂಡ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ, ಯಾಕೆಂದರೆ ಡಾಕ್ಟರ್ ಮುಂದೆ ಕೂತ ದಿನ ಊತ ಇಳಿದಿರುತ್ತದೆ, ಇದು ಯಾವಾಗಲೂ ಹೀಗೇ.

ಯಾರ ಹತ್ತಿರ ಹೋಗಬೇಕು? ಒಂದು ಮಂಡಿ, ವಯಸ್ಸಾದವರು, ನಡೆದರೆ ನೋವು ಅಂದರೆ ಮೂಳೆ ಡಾಕ್ಟರ್ ಸಾಕು. ಹಲವು ಕೀಲು, ಊತ, ಬೆಳಗಿನ ಬಿಗಿತ, ಸುಸ್ತು ಅಂದರೆ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞ ಡಾಕ್ಟರ್ ಬೇಕು, ಮತ್ತು ಬೇಗ ಬೇಕು. ಶುರುವಾದ ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಸಿಕ್ಕಿದರೆ ಕೀಲು ಸೊಟ್ಟಗಾಗುವುದನ್ನು ತಡೆಯುವ ಅವಕಾಶ ಜಾಸ್ತಿ.

ಟೆಸ್ಟ್‌ಗಳ ಬಗ್ಗೆ ಒಂದೇ ಮಾತು. ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ಅನ್ನುವ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರುಮಟಾಯ್ಡ್ ಅಲ್ಲ, ಅದು ಆರೋಗ್ಯವಾಗಿರುವವರಲ್ಲೂ ಬರುತ್ತದೆ. ನೆಗೆಟಿವ್ ಬಂದ ಮಾತ್ರಕ್ಕೆ ಬಚಾವಾದೆವು ಅಂತಲೂ ಅಲ್ಲ. ಆಂಟಿ ಸಿಸಿಪಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ಅದಕ್ಕಿಂತ ನಂಬಿಕಸ್ಥ. ಇಎಸ್‌ಆರ್ ಮತ್ತು ಸಿಆರ್‌ಪಿ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾಕೆ ಇದೆ ಅಂತ ಹೇಳುವುದಿಲ್ಲ. ಶುರುವಿನಲ್ಲಿ ಎಕ್ಸ್‌ರೇ ಪೂರ್ತಿ ನಾರ್ಮಲ್ ಇರಬಹುದು. ಗೌಟ್ ಕೆರಳಿದ ದಿನ ಯೂರಿಕ್ ಆಸಿಡ್ ನಾರ್ಮಲ್ ಬರುವುದೂ ಉಂಟು, ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

ಇನ್ನೊಂದು, ಇದನ್ನು ಮಾತ್ರ ಮುಂದೂಡಬೇಡಿ. ಒಂದೇ ಕೀಲು ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ಕೆಂಪಾಗಿ, ಮುಟ್ಟಲಾಗದಷ್ಟು ನೋವು, ಜೊತೆಗೆ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಸೇರಿದ್ದರೆ ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಲೇಬೇಕು. ಕೆಲವರಲ್ಲಿ ಜ್ವರ ಇಲ್ಲದೆಯೂ ಬರುತ್ತದೆ.

ಸವೆತದ ಸಂಧಿವಾತ

ಬೇಜಾರಿನ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಸವೆದ ಕಾರ್ಟಿಲೇಜನ್ನು ಮತ್ತೆ ಬೆಳೆಸುವ ಮಾತ್ರೆ ಇವತ್ತಿನವರೆಗೆ ಇಲ್ಲ. ಇಲ್ಲಿ ಮಾತ್ರೆಗಳೆಲ್ಲ ನೋವಿನ ಜಾತಿಯವೇ. ರೋಗಕ್ಕೆ ಕೈ ಹಾಕುವ ಕೆಲಸ ಮಾಡಬೇಕಾದದ್ದು ನಿಮ್ಮ ತೊಡೆ.

ತಮಾಷೆ ಅಲ್ಲ. ಮಂಡಿಯ ಮೇಲೆ ಬೀಳುವ ಭಾರವನ್ನು ಹೊರುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೊರಗಿದರೆ ಹೊಡೆತವೆಲ್ಲ ಕೀಲಿಗೆ. ನೋವು ಅಂತ ಕೂರುತ್ತೇವೆ, ಕೂತಷ್ಟೂ ಸ್ನಾಯು ಸೊರಗುತ್ತದೆ, ಸೊರಗಿದಷ್ಟೂ ನೋವು. ಹೀಗೆ ಮಾಡಿ: ಗಟ್ಟಿ ಕುರ್ಚಿಯ ಮೇಲೆ ಬೆನ್ನು ನೇರ ಇಟ್ಟು ಕೂತುಕೊಳ್ಳಿ. ಒಂದು ಕಾಲನ್ನು ಮೆಲ್ಲಗೆ ನೇರ ಮಾಡಿ, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಮಂಡಿಚಿಪ್ಪಿನ ಮೇಲಿನ ಮಾಂಸ ಗಟ್ಟಿಯಾಗಿದ್ದು ಕೈಗೆ ಗೊತ್ತಾಗಬೇಕು. ಐದು ಎಣಿಸಿ. ಈಗ ಇಳಿಸಿ, ಆದರೆ ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸಿ, ಹೆಚ್ಚಿನವರು ಇಲ್ಲಿ ದೊಪ್ ಅಂತ ಕಾಲು ಬಿಟ್ಟುಬಿಡುತ್ತಾರೆ. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಗ್ಗೆಯೂ ನೋವು ಹೆಚ್ಚೇ ಇದ್ದರೆ ಮಾತ್ರ ಲೆಕ್ಕ ಕಡಿಮೆ ಮಾಡಿ, ನಿಲ್ಲಿಸಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಎರಡು ಮೂರು ಸಲ ಹೋಗಿ ಕಲಿತರೆ ಇನ್ನೂ ಒಳ್ಳೆಯದು.

ತೂಕ ಜಾಸ್ತಿ ಇದ್ದರೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ, ಲೆಕ್ಕ ಮಾತ್ರ ಯಾರೂ ಹೇಳುವುದಿಲ್ಲ. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತೀರಿ ಅಂತ ನೀವೇ ಗುಣಿಸಿಕೊಳ್ಳಿ. ಕೋಲು ಹಿಡಿಯುವವರಿಗೆ ಒಂದು ಗುಟ್ಟು: ನೋವಿರುವ ಮಂಡಿಯ ಎದುರು ಕಡೆಯ ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋವಾದರೆ ಎಡಗೈ.

ಔಷಧಿಗೆ ಬಂದರೆ, ಮಂಡಿ ಮತ್ತು ಕೈಬೆರಳಿಗೆ ಮೊದಲು ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಿ. ಚರ್ಮದ ಮೂಲಕ ಹೋಗುವುದರಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹೊಟ್ಟೆ ಮತ್ತು ಕಿಡ್ನಿಗೆ ಅಷ್ಟು ತೊಂದರೆ ಇಲ್ಲ. ಆದರೆ ಒಂದು ಸಲ ಹಚ್ಚಿ ಪ್ರಯೋಜನ ಇಲ್ಲ ಅಂತ ಬಿಸಾಡಬೇಡಿ, ದಿನಕ್ಕೆ ಮೂರು ನಾಲ್ಕು ಸಲದಂತೆ ಎರಡು ವಾರ ನೋಡಿ. ಪ್ಯಾರಾಸಿಟಮಾಲ್ ಈ ನೋವಿಗೆ ಅಷ್ಟಕ್ಕಷ್ಟೆ. ಹಲವು ದಿನದ ನೋವಿಗೆ ಡುಲಾಕ್ಸಿಟಿನ್ ಅನ್ನುವ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ, ಚೀಟಿ ಹಿಡಿದು ಇಂಟರ್ನೆಟ್‌ನಲ್ಲಿ ಹುಡುಕಿದರೆ ಖಿನ್ನತೆಯ ಮಾತ್ರೆ ಅಂತ ಬರುತ್ತದೆ, ಗಾಬರಿಯಾಗಬೇಡಿ, ನೋವಿನ ನರಗಳ ಮೇಲೂ ಅದು ಕೆಲಸ ಮಾಡುತ್ತದೆ.

ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ, ಅದೃಷ್ಟ ಇದ್ದರೆ ಒಂದೆರಡು ತಿಂಗಳು ಹಾಯಾಗಿರುತ್ತದೆ. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಸಕ್ಕರೆ ಕಾಯಿಲೆ ಇದ್ದರೆ ನಂತರದ ಕೆಲವು ದಿನ ಶುಗರ್ ಏರುತ್ತದೆ, ನೋಡಿಕೊಳ್ಳಿ. ಗ್ಲುಕೋಸಮೈನ್ ಪುಡಿ, ಹೈಯಲುರಾನಿಕ್ ಜೆಲ್ ಇಂಜೆಕ್ಷನ್, ನಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಕೀಲಿಗೆ ಚುಚ್ಚುವ ಪಿಆರ್‌ಪಿ ಇವುಗಳಿಗೆ ಪ್ರಚಾರ ಇರುವಷ್ಟು ಪುರಾವೆ ಇಲ್ಲ, ನಾನಾದರೆ ಆ ದುಡ್ಡನ್ನು ಫಿಸಿಯೋಥೆರಪಿಗೆ ಹಾಕುತ್ತೇನೆ.

ಸಣ್ಣ ಕ್ಯಾಮೆರಾ ಕೊಳವೆ ಹಾಕಿ ಮಂಡಿ ತೊಳೆಯುತ್ತೇವೆ ಅನ್ನುವ ಆರ್ಥ್ರೋಸ್ಕೋಪಿ ಕತೆ ಕೇಳಿ. 2002ರಲ್ಲಿ ಅಮೆರಿಕದಲ್ಲಿ 180 ಜನರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ನಿಜವಾಗಿ ಮಂಡಿ ತೊಳೆದರು, ಕೆಲವರಿಗೆ ತೊಳೆದು ಕೆರೆದರು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿ ಕಳಿಸಿದರು, ಯಾರಿಗೆ ಏನಾಗಿದೆ ಅಂತ ರೋಗಿಗಳಿಗೆ ಹೇಳಲಿಲ್ಲ. ಎರಡು ವರ್ಷ ಕಳೆದರೂ ಈ ಗುಂಪುಗಳ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬರೀ ಸವೆತದ ನೋವಿಗೆ ಯಾರಾದರೂ ಇದನ್ನು ಸೂಚಿಸಿದರೆ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳಿ.

ರುಮಟಾಯ್ಡ್: ಇಲ್ಲಿ ಮಾತ್ರೆಯೇ ಮುಖ್ಯ

ಇಲ್ಲಿ ಪರಿಸ್ಥಿತಿ ಉಲ್ಟಾ. ವ್ಯಾಯಾಮ ಬೇಕು, ಆದರೆ ಅದರಿಂದ ಮಾತ್ರ ರೋಗ ನಿಲ್ಲುವುದಿಲ್ಲ. ರೋಗವನ್ನೇ ಹತೋಟಿಗೆ ತರುವ ಔಷಧಿಗಳನ್ನು ಡಿಮಾರ್ಡ್ ಅನ್ನುತ್ತಾರೆ. ಅದರಲ್ಲಿ ಮೊದಲ ಹೆಸರು ಮೆಥೊಟ್ರೆಕ್ಸೇಟ್.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ಅಲ್ಲ. ತಪ್ಪಿ ದಿನಾ ನುಂಗಿ ಪ್ರಾಣ ಹೋದವರಿದ್ದಾರೆ, ಆದ್ದರಿಂದ ಈ ಸಾಲನ್ನು ಎರಡು ಸಲ ಓದಿ. ಕೆಲವು ಪಟ್ಟಿಗಳಲ್ಲಿ ಒಂದು ಮಾತ್ರೆ ಬರೀ 2.5 ಮಿ.ಗ್ರಾಂ ಇರುತ್ತದೆ, ಹಾಗಾಗಿ ಒಂದೇ ದಿನ ಆರು ಮಾತ್ರೆ ನುಂಗುವ ಹಾಗೆ ಬರೆದಿರಬಹುದು. ವಾರದ ಒಂದು ದಿನ ಗೊತ್ತು ಮಾಡಿ, ಆ ದಿನದ ಹೆಸರನ್ನು ಮಾತ್ರೆಯ ಪಟ್ಟಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅಮ್ಮನದು ಭಾನುವಾರ. ಪಟ್ಟಿಯನ್ನು ಬೇರೆ ಮಾತ್ರೆಗಳ ಜೊತೆ ಇಡದೆ ಬೇರೆ ಡಬ್ಬಿಯಲ್ಲಿ ಇಟ್ಟು, ಭಾನುವಾರ ನಾನೇ ಎಣಿಸಿ ಕೊಡುತ್ತೇನೆ. ಒಂದು ಸಲ ಔಷಧಿ ಅಂಗಡಿಯ ಹುಡುಗ ಲಕೋಟೆಯ ಮೇಲೆ ಬೆಳಗ್ಗೆ ಒಂದು, ರಾತ್ರಿ ಒಂದು ಅಂತ ಗೀಚಿದ್ದ. ಗಮನಿಸಿದ್ದು ಪುಣ್ಯ.

ಇದರ ಜೊತೆ ಫೋಲಿಕ್ ಆಸಿಡ್ ಬೇರೆ ದಿನ ಕೊಡುತ್ತಾರೆ, ಬಾಯಿಹುಣ್ಣು, ವಾಕರಿಕೆ ಕಡಿಮೆ ಆಗುತ್ತದೆ. ಆದರೂ ವಾಕರಿಕೆ ಜಾಸ್ತಿ ಇದ್ದರೆ ಅದೇ ಔಷಧಿ ಚರ್ಮದಡಿಗೆ ಚುಚ್ಚುವ ಇಂಜೆಕ್ಷನ್ ಆಗಿಯೂ ಸಿಗುತ್ತದೆ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಆಗಲೇಬೇಕು, ನನಗೇನೂ ಆಗಿಲ್ಲವಲ್ಲ ಅಂತ ತಪ್ಪಿಸಬೇಡಿ. ಮದ್ಯ ಬಿಡಿ ಅಥವಾ ತೀರಾ ಕಡಿಮೆ ಮಾಡಿ. ಬಸಿರಾಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಇದು ಮಗುವಿಗೆ ಅಪಾಯ, ತಿಂಗಳುಗಳ ಮುಂಚೆಯೇ ನಿಲ್ಲಿಸಬೇಕು. ಇನ್ನೊಂದು, ಬೇರೆ ಯಾವುದೋ ಡಾಕ್ಟರ್ ಮೂತ್ರದ ಸೋಂಕಿಗೆ ಕೋ-ಟ್ರೈಮಾಕ್ಸಜೋಲ್ ಬರೆದರೆ ತಕ್ಷಣ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಹೇಳಿ. ಎರಡೂ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಹೊಸದಾಗಿ ಒಣ ಕೆಮ್ಮು, ಉಬ್ಬಸ, ಜ್ವರ, ಬಾಯಿ ತುಂಬ ಹುಣ್ಣು ಬಂದರೆ ಮುಂದಿನ ಡೋಸ್ ನುಂಗುವ ಮುಂಚೆ ಫೋನ್ ಮಾಡಿ.

ಮತ್ತೆ, ಇದು ನಿಧಾನ. ಆರರಿಂದ ಹನ್ನೆರಡು ವಾರ ಏನೂ ಆಗದ ಹಾಗೇ ಅನ್ನಿಸುತ್ತದೆ. ಎಷ್ಟೋ ಜನ ನಾಲ್ಕನೇ ವಾರಕ್ಕೆ ಬಿಟ್ಟುಬಿಡುವುದು ಇಲ್ಲೇ. ಆ ಮಧ್ಯದ ದಿನಗಳನ್ನು ದಾಟಿಸಲು ಸ್ವಲ್ಪ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಕೊಡುತ್ತಾರೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ ರುಮಟಾಯ್ಡ್ ರೋಗಿಯೊಬ್ಬರಿಗೆ ಮೊದಲ ಸಲ ಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು, 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಆಮೇಲೆ ಒಂದೊಂದಾಗಿ ಅಡ್ಡಪರಿಣಾಮ ಕಂಡವು: ಮುಖ ಊದುವುದು, ಶುಗರ್, ಬಿಪಿ, ಮೂಳೆ ಟೊಳ್ಳಾಗುವುದು. ಇವತ್ತಿಗೂ ಸ್ಟಿರಾಯ್ಡ್ ಅಂದರೆ ಅದೇ ಕತೆ. ಕಡಿಮೆ ಡೋಸ್, ಕಡಿಮೆ ದಿನ. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಂದೇ ದಿನ ನಿಲ್ಲಿಸಬೇಡಿ, ಇಳಿಸುತ್ತಾ ಬರಬೇಕು. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ, ಎರಡೇ ದಿನದಲ್ಲಿ ನೋವು ಮಾಯ ಅನ್ನುವ ಪುಡಿಗಳ ಮೇಲೆ ನನಗೆ ಅನುಮಾನ ಬರುವುದೂ ಇದಕ್ಕೇ, ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಮೆಥೊಟ್ರೆಕ್ಸೇಟ್ ಸಾಲದಿದ್ದರೆ ಅದರ ಜೊತೆ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೈನ್ ಸೇರಿಸುತ್ತಾರೆ, ಅಥವಾ ಲೆಫ್ಲುನಮೈಡ್ ಕೊಡುತ್ತಾರೆ. ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಶುರುವಿನಲ್ಲಿ ಒಂದು ಸಲ, ಐದು ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಬೇಕು. ಸಲ್ಫಸಲಜೈನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಅದು ತೊಂದರೆಯಲ್ಲ.

ಅದೂ ಸಾಲದಿದ್ದರೆ ಬಯಾಲಜಿಕ್ ಇಂಜೆಕ್ಷನ್‌ಗಳು, ಅಂದರೆ ಜೀವಕೋಶಗಳಿಂದ ತಯಾರಿಸುವ, ರೋಗನಿರೋಧಕ ಶಕ್ತಿಯ ಒಂದೊಂದು ಭಾಗವನ್ನು ತಡೆಯುವ ಔಷಧಿಗಳು: ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ರಿಟುಕ್ಸಿಮ್ಯಾಬ್, ಟೊಸಿಲಿಜುಮ್ಯಾಬ್ ಹೀಗೆ. ಒಳ್ಳೆಯ ಔಷಧಿಗಳೇ, ಆದರೆ ದುಬಾರಿ. ದುಬಾರಿ ಅಂದ ಮಾತ್ರಕ್ಕೆ ಮೊದಲೇ ಇದೇ ಬೇಕು ಅನ್ನಬೇಡಿ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಮೆಥೊಟ್ರೆಕ್ಸೇಟ್ ಒಂದೇ ಸಾಲದವರಿಗೆ ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೈನ್ ಈ ಮೂರು ಹಳೇ ಮಾತ್ರೆ ಒಟ್ಟಿಗೆ ಕೊಟ್ಟಿದ್ದು, ಎಟನರ್ಸೆಪ್ಟ್ ಸೇರಿಸಿದ್ದಕ್ಕಿಂತ ಹಿಂದೆ ಬೀಳಲಿಲ್ಲ. ಬಯಾಲಜಿಕ್ ಶುರು ಮಾಡುವ ಮುಂಚೆ ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಅಂತ ನೀವೇ ಕೇಳಿ, ದೇಹದಲ್ಲಿ ಸುಮ್ನೆ ಮಲಗಿರುವ ಟಿಬಿಯನ್ನು ಇವು ಎಬ್ಬಿಸಬಲ್ಲವು. ಬೇಕಾದ ಲಸಿಕೆಗಳನ್ನೂ ಮೊದಲೇ ಹಾಕಿಸಿಕೊಳ್ಳಿ. ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್ ಅನ್ನುವ ಜಾಕ್ ಮಾತ್ರೆಗಳು ಚುಚ್ಚಿಸಿಕೊಳ್ಳುವ ಗೋಳು ತಪ್ಪಿಸುತ್ತವೆ, ಆದರೆ ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್ ಬಗ್ಗೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ವಯಸ್ಸು 65 ದಾಟಿದವರು, ಬೀಡಿ ಸಿಗರೇಟ್ ಸೇದುವವರು, ಹೃದಯದ ತೊಂದರೆ ಇರುವವರು ಡಾಕ್ಟರ್ ಜೊತೆ ಇದನ್ನು ಬಿಡಿಸಿ ಮಾತಾಡಿ. ಅಂದ ಹಾಗೆ ಸಿಗರೇಟ್ ಈ ರೋಗವನ್ನೂ ಹೆಚ್ಚಿಸುತ್ತದೆ, ಔಷಧಿಯ ಕೆಲಸವನ್ನೂ ಕೆಡಿಸುತ್ತದೆ.

ಗೌಟ್, ಮತ್ತೆ ಬೆನ್ನು ಹಿಡಿಯುವ ಬಗೆ

ಗೌಟ್ ಗೊತ್ತಾಗುವುದು ಸುಲಭ: ರಾತ್ರಿ ಮಲಗಿದವರು ಬೆಳಗಿನ ಜಾವ ಕಾಲಿನ ಹೆಬ್ಬೆರಳು ಉರಿದು ಏಳುತ್ತಾರೆ, ಹೊದಿಕೆ ತಾಗಿದರೂ ಪ್ರಾಣ ಹೋದ ಹಾಗೆ. ಕೆರಳಿದಾಗ ಕಾಲ್ಚಿಸೀನ್, ನೋವಿನ ಮಾತ್ರೆ ಅಥವಾ ಸ್ವಲ್ಪ ದಿನದ ಸ್ಟಿರಾಯ್ಡ್, ಮೂರರಲ್ಲಿ ನಿಮಗೆ ಹೊಂದುವುದು ಒಂದು. ಬೇಗ ಶುರು ಮಾಡಿದಷ್ಟೂ ಬೇಗ ಇಳಿಯುತ್ತದೆ. ಪದೇ ಪದೇ ಬರುತ್ತಿದ್ದರೆ ಯೂರಿಕ್ ಆಸಿಡ್ ಇಳಿಸುವ ಅಲೊಪ್ಯುರಿನಾಲ್ ಅಥವಾ ಫೆಬುಕ್ಸೊಸ್ಟ್ಯಾಟ್ ಬೇಕು. ರಕ್ತದ ಯೂರಿಕ್ ಆಸಿಡ್ ಒಂದು ಡೆಸಿಲೀಟರ್‌ಗೆ 6 ಮಿ.ಗ್ರಾಂಗಿಂತ ಕೆಳಗೆ ಬರಬೇಕು, ಅದೇ ಗುರಿ. ಇಲ್ಲಿ ಒಂದು ವಿಚಿತ್ರ ಇದೆ: ಈ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಹರಳು ಕರಗುವಾಗ ನೋವು ಮತ್ತೆ ಕೆರಳಬಹುದು. ಅದಕ್ಕೇ ಮೂರರಿಂದ ಆರು ತಿಂಗಳು ಜೊತೆಗೆ ಸಣ್ಣ ಡೋಸ್ ಕಾಲ್ಚಿಸೀನ್ ಕೊಡುತ್ತಾರೆ. ಮಾತ್ರೆಯಿಂದಲೇ ನೋವು ಬಂತು ಅಂತ ನಿಲ್ಲಿಸಬೇಡಿ. ಅಲೊಪ್ಯುರಿನಾಲ್ ನುಂಗಿ ಮೈಮೇಲೆ ಗುಳ್ಳೆ ಅಥವಾ ದದ್ದು ಎದ್ದರೆ ಮಾತ್ರ ಅದೇ ಕ್ಷಣ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಿ.

ವಯಸ್ಸು ನಲವತ್ತರ ಒಳಗಿದ್ದು, ಸೊಂಟ ಮತ್ತು ಬೆನ್ನು ಮೂರು ತಿಂಗಳಿಂದ ನೋಯುತ್ತಿದ್ದು, ನಸುಕಿನಲ್ಲಿ ಎಚ್ಚರ ಆಗಿ, ಓಡಾಡಿದರೆ ಕಡಿಮೆ ಆಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಇಲ್ಲಿ ನನ್ನ ಎರಡು ಜಾತಿಯ ಲೆಕ್ಕ ಸ್ವಲ್ಪ ಕೈಕೊಡುತ್ತದೆ, ಯಾಕೆಂದರೆ ನೋವಿನ ಮಾತ್ರೆ ಮತ್ತು ದಿನಾ ವ್ಯಾಯಾಮವೇ ಮೊದಲ ಚಿಕಿತ್ಸೆ. ಬೆನ್ನಿಗೆ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದಿಲ್ಲ. ಸಾಲದಿದ್ದರೆ ನೇರ ಬಯಾಲಜಿಕ್‌ಗೆ ಹೋಗುತ್ತಾರೆ.

ನೋವಿನ ಮಾತ್ರೆ ನುಂಗುವ ಮುಂಚೆ

ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ಎಟೊರಿಕಾಕ್ಸಿಬ್ ಎಲ್ಲ ಒಂದೇ ಕುಟುಂಬ. ಎರಡನ್ನು ಒಟ್ಟಿಗೆ ನುಂಗಿದರೆ ನೋವು ಎರಡು ಪಟ್ಟು ಇಳಿಯುವುದಿಲ್ಲ, ಹೊಟ್ಟೆಯ ಹುಣ್ಣು ಮತ್ತು ಕಿಡ್ನಿಯ ಹೊಡೆತ ಜಾಸ್ತಿ ಆಗುತ್ತದೆ ಅಷ್ಟೆ. ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ, ಬೇರೆ ಬೇರೆ ಹೆಸರಿನ ಎರಡು ಪಟ್ಟಿಯಲ್ಲಿ ಒಂದೇ ಔಷಧಿ ಇರುತ್ತದೆ, ನಮ್ಮ ಮನೆಯಲ್ಲೇ ಇತ್ತು. ಕಿಡ್ನಿ ತೊಂದರೆ, ಹೃದಯದ ತೊಂದರೆ, ಹಿಂದೆ ಹೊಟ್ಟೆಯ ಹುಣ್ಣು ಆಗಿದ್ದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಇವನ್ನು ಮುಟ್ಟಲೇಬೇಡಿ. ಉಳಿದವರೂ ಕಡಿಮೆ ಡೋಸ್, ಕಡಿಮೆ ದಿನ, ಹೊಟ್ಟೆಗೆ ಏನಾದರೂ ಹಾಕಿಕೊಂಡ ಮೇಲೆ. ಮಲ ಟಾರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ ಅಂತ ಅರ್ಥ, ಕಾಯಬೇಡಿ.

ಆಪರೇಷನ್ ಯಾವಾಗ

ಎಕ್ಸ್‌ರೇ ನೋಡಿ ತೀರ್ಮಾನ ಮಾಡಬೇಡಿ, ರಾತ್ರಿ ನಿದ್ದೆ ನೋಡಿ. ಎಕ್ಸ್‌ರೇಯಲ್ಲಿ ಪೂರ್ತಿ ಸವೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ವ್ಯಾಯಾಮ, ಜೆಲ್, ಮಾತ್ರೆ ಎಲ್ಲ ಸರಿಯಾಗಿ ಮಾಡಿದ ಮೇಲೂ ನೋವಿಗೆ ನಿದ್ದೆ ಬರುತ್ತಿಲ್ಲ, ಮನೆಯೊಳಗೆ ಓಡಾಡುವುದೂ ಕಷ್ಟ ಅನ್ನುವಾಗ ಕೀಲು ಬದಲಾವಣೆಯ ಮಾತಾಡಿ. ಹಾಗಂತ ಕಾಲು ಬಗ್ಗದ ಸ್ಥಿತಿಯವರೆಗೂ ಕಾಯಬಾರದು, ಮುಂಚೆ ಎಷ್ಟು ಬಗ್ಗುತ್ತಿತ್ತು ಅನ್ನುವುದರ ಮೇಲೆ ಆಮೇಲೆ ಎಷ್ಟು ಬಗ್ಗುತ್ತದೆ ಅನ್ನುವುದು ನಿಂತಿದೆ. ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 80 ಇಪ್ಪತ್ತೈದು ವರ್ಷ ಬಾಳುತ್ತವೆ. ಅವತ್ತೇ ಅಥವಾ ಮರುದಿನ ನಿಲ್ಲಿಸಿ ನಡೆಸುತ್ತಾರೆ, ಮೊದಲ ಆರು ವಾರದ ವ್ಯಾಯಾಮ ನಿಜಕ್ಕೂ ನೋವಿನದು, ಪೂರ್ತಿ ಸುಧಾರಿಸಲು ವರ್ಷ ಹಿಡಿಯಬಹುದು.

ಆಪರೇಷನ್‌ಗೆ ಮುಂಚೆ ಹಲ್ಲಿನ ಹುಳುಕು, ಮೂತ್ರದ ಸೋಂಕು, ಕಾಲಿನ ಗಾಯ ಇದ್ದರೆ ಮೊದಲು ಅದನ್ನು ವಾಸಿ ಮಾಡಿಸಿ, ಶುಗರ್ ಹತೋಟಿಗೆ ತನ್ನಿ. ರುಮಟಾಯ್ಡ್ ಇರುವವರು ಇನ್ನೊಂದು ಕೆಲಸ ಮಾಡಬೇಕು: ಆಪರೇಷನ್ ಮಾಡುವ ಡಾಕ್ಟರನ್ನೂ ರುಮಟಾಲಜಿಸ್ಟನ್ನೂ ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗೆ ಮಾಡಿ. ಮೆಥೊಟ್ರೆಕ್ಸೇಟ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ, ಬಯಾಲಜಿಕ್ ಒಂದು ಡೋಸ್ ತಪ್ಪಿಸಿ ದಿನ ಹೊಂದಿಸುತ್ತಾರೆ, ಸ್ಟಿರಾಯ್ಡ್ ಮಾತ್ರ ನೀವಾಗಿ ನಿಲ್ಲಿಸುವಂತಿಲ್ಲ. ಇದನ್ನೆಲ್ಲ ಬಾಯಲ್ಲಿ ಕೇಳಿ ಬಂದರೆ ಮನೆಗೆ ಬರುವಷ್ಟರಲ್ಲಿ ಮರೆತಿರುತ್ತೀರಿ, ಯಾವ ಮಾತ್ರೆ ಯಾವ ತಾರೀಖಿಗೆ ನಿಲ್ಲಿಸಬೇಕು, ಮತ್ತೆ ಯಾವ ತಾರೀಖಿಗೆ ಶುರು ಅಂತ ಅವರ ಕೈಯಲ್ಲೇ ಬರೆಸಿಕೊಂಡು ಬನ್ನಿ.